ಕೇಕಿನ ಬದಲು ಗೋಪುರ, ಗೋಪುರದ ಬುಡದಲ್ಲಿ ಚಿಕ್ಕಿ

ಕಳೆದ ಸಲ ಇಲ್ಲಿ ಮದುವೆ ನೋಂದಣಿಗೆ ಏನೇನು ಕಾಗದ ಕೇಳ್ತಾರೆ, ಅದಕ್ಕೆ ಎಷ್ಟು ಅಲೆದೆ ಅಂತೆಲ್ಲಾ ಬರೆದಿದ್ದೆ. ಓದಿದ ಗೆಳತಿಯರು ಕಾಗದಪತ್ರದ ಬಗ್ಗೆ ಒಂದು ಮಾತೂ ಕೇಳಲಿಲ್ಲ. ಎಲ್ಲರ ಪ್ರಶ್ನೆ ಒಂದೇ: "ಫೋಟೋದಲ್ಲಿ ನಿಮ್ಮಿಬ್ಬರ ಮುಂದೆ ಲಡ್ಡು ಜೋಡಿಸಿಟ್ಟ ಹಾಗೆ ಎತ್ತರಕ್ಕೆ ನಿಂತಿದೆಯಲ್ಲ, ಏನೇ ಅದು?" ಸರಿ, ಈ ಸಲ ಅದರದ್ದೇ ಕಥೆ.

ಅದರ ಹೆಸರು ಕ್ರೋಕಾಂಬೂಶ್. ಬಾಯಲ್ಲಿ ಕರುಂ ಅನ್ನೋದು ಅಂತ ಅರ್ಥ. ಒಳಗೆ ಕ್ರೀಮ್ ತುಂಬಿದ ನಿಂಬೆಹಣ್ಣಿನ ಗಾತ್ರದ ಪಫ್‌ಗಳನ್ನು ಬಿಸಿ ಕ್ಯಾರಮೆಲ್‌ನಲ್ಲಿ ಅದ್ದಿ, ಒಂದಕ್ಕೊಂದು ಅಂಟಿಸುತ್ತಾ, ಸುತ್ತು ಸುತ್ತಾಗಿ ಮೇಲಕ್ಕೆ ಏರಿಸಿದ ಗೋಪುರ. ಫ್ರಾನ್ಸ್‌ನಲ್ಲಿ ಮದುವೆ, ಮಗುವಿನ ನಾಮಕರಣದಂಥ ಬ್ಯಾಪ್ಟಿಸಮ್, ಮೊದಲ ಕಮ್ಯುನಿಯನ್, ಇಂಥ ಸಮಾರಂಭಗಳಿಗೆ ಇದು ಬರಬೇಕು. ಮನೆಮಂದಿ ಮಾತಾಡುವಾಗ 'ಪಿಯೆಸ್ ಮೊಂತೇ' ಅಂತಲೇ ಹೇಳೋದು. ಎತ್ತಿ ಕಟ್ಟಿದ್ದು ಅಂದುಕೊಳ್ಳಿ. ಮಾಸ್ಟರ್‌ಶೆಫ್ ಆಸ್ಟ್ರೇಲಿಯಾದ ಮೊದಲ ಸೀಸನ್ ನೋಡಿದವರಿಗೆ ನೆನಪಿರಬಹುದು. 2009ರಲ್ಲಿ ಏಡ್ರಿಯಾನೋ ಝುಂಬೋ ಅದರಲ್ಲಿ ಇದೇ ಗೋಪುರ ಕಟ್ಟೋದಕ್ಕೆ ಕೊಟ್ಟು ಸ್ಪರ್ಧಿಗಳ ಬೆವರಿಳಿಸಿದ್ದರು. ನಾನು ಹಾಸ್ಟೆಲ್‌ನಲ್ಲಿ ಮ್ಯಾಗಿ ತಿನ್ನುತ್ತಾ ಅದನ್ನು ನೋಡಿದ್ದೆ. ಮುಂದೊಂದು ದಿನ ಇದರ ಮುಂದೆ ರೇಷ್ಮೆ ಸೀರೆ ಉಟ್ಟು ನಿಲ್ತೀನಿ ಅಂತ ಆಗ ಯಾರಾದರೂ ಹೇಳಿದ್ದರೆ ನಗ್ತಿದ್ದೆ.

ಒಂದೊಂದು ಪಫ್‌ಗೆ ಫ್ರೆಂಚ್‌ನಲ್ಲಿ 'ಶೂ' ಅಂತಾರೆ. ಕಾಲಿಗೆ ಹಾಕೋದಲ್ಲ, ಎಲೆಕೋಸು! ಒಲೆಯಲ್ಲಿ ಉಬ್ಬಿದಾಗ ಮೇಲೆಲ್ಲ ಬಿರುಕು ಬಿಟ್ಟು ಪುಟ್ಟ ಕೋಸಿನ ಹಾಗೆ ಕಾಣುತ್ತೆ, ಅದಕ್ಕೆ ಆ ಹೆಸರು. ಇಲ್ಲಿನ ಜನ ಪ್ರೀತಿಪಾತ್ರರನ್ನೂ 'ನನ್ನ ಕೋಸೇ' ಅಂತ ಕರೀತಾರೆ. ಇದನ್ನು ಅಮ್ಮನಿಗೆ ಹೇಳಿದ್ದಕ್ಕೆ, "ಹಂಗಾದ್ರೆ ಅಳಿಯಂದ್ರು ನಿನ್ನ ಕೋಸು ಅಂತಾರೇನೇ?" ಅಂತ ಒಂದು ವಾರ ನಕ್ಕಿದ್ದಳು.

ವಿಷಯಕ್ಕೆ ಬರ್ತೀನಿ. ಮೊದಲು ನಮಗಿಬ್ಬರಿಗೂ ಗೋಪುರ ಬೇಕಿರಲಿಲ್ಲ.

ಈಗ ಫ್ರಾನ್ಸ್‌ನಲ್ಲೂ ಅಂತಸ್ತಿನ ಕೇಕ್ ಫ್ಯಾಶನ್. ಅದಕ್ಕೆ ಇವರು ಇಂಗ್ಲಿಷ್‌ನಲ್ಲೇ 'ವೆಡ್ಡಿಂಗ್ ಕೇಕ್' ಅಂತಾರೆ, ಪರದೇಶದ್ದು ಅಂತ ಗೊತ್ತಾಗಲಿ ಅನ್ನೋ ಹಾಗೆ. ಮೂಲದಲ್ಲಿ ಅದು ಇಂಗ್ಲೆಂಡಿನವರದ್ದು. 1840ರಲ್ಲಿ ವಿಕ್ಟೋರಿಯಾ ರಾಣಿಯ ಮದುವೆಯ ಕೇಕ್ 300 ಪೌಂಡ್ ತೂಗುತ್ತಿತ್ತಂತೆ, ಅಂದರೆ ಸುಮಾರು 136 ಕಿಲೋ. ನಮ್ಮದೇನು ಅಷ್ಟು ದೊಡ್ಡ ಯೋಚನೆಯಲ್ಲ. ಮೂರಂತಸ್ತು, ಹೊರಗೆ ಕ್ರೀಮ್ ಕಡಿಮೆ, ಮೇಲೆ ಒಂದಿಷ್ಟು ಹಣ್ಣು. ಅದರಲ್ಲಿ ನನಗೆ ಇನ್ನೊಂದು ಲೆಕ್ಕವೂ ಇತ್ತು: ಕೇಕನ್ನು ಎಗ್‌ಲೆಸ್ ಮಾಡಿಸಬಹುದು. ಬೇಕಿಂಗ್ ಪೌಡರ್, ಮೊಸರು ಹಾಕಿ ಮಾಡೋದು ನಮ್ಮೂರ ಬೇಕರಿಯವರಿಗೂ ಗೊತ್ತಿರೋ ವಿದ್ಯೆ. ತಿಪಟೂರಿನಿಂದ ಬರುವ ಅಮ್ಮ ಮೊಟ್ಟೆ ಮುಟ್ಟಲ್ಲ. ಅಪ್ಪ ಹೊರಗೆ ಆಮ್ಲೆಟ್ ತಿಂತಾರೆ ಅನ್ನೋದು ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತಿರುವ ರಹಸ್ಯ, ಅವರ ಚಿಂತೆ ಇರಲಿಲ್ಲ.

ಹೀಗಿರುವಾಗ ಒಂದು ಭಾನುವಾರ ಊಟಕ್ಕೆ ಅವನ ಅಜ್ಜಿಯ ಮನೆಗೆ ಹೋದೆವು. ತುಲೂಸ್‌ನಿಂದ ಒಂದು ಗಂಟೆ ದಾರಿ. ಅಜ್ಜಿಯನ್ನು ಎಲ್ಲರೂ 'ಮಮೀ' ಅಂತಾರೆ, ನಾನೂ ಹಾಗೇ ಕರೆಯೋದು. 84 ವರ್ಷ, ಕಿವಿ ಸ್ವಲ್ಪ ಮಂದ, ನಾಲಿಗೆ ಚುರುಕು. ಕೇಕ್ ಮಾತು ಬಂದಾಗ ಮಮೀ ಏನೂ ಹೇಳಲಿಲ್ಲ. ಎದ್ದು ಹೋಗಿ ಒಂದು ಕಪ್ಪು ಬಿಳುಪು ಫೋಟೋ ತಂದು ನನ್ನ ತಟ್ಟೆ ಪಕ್ಕ ಇಟ್ಟು, ಕಾಫಿ ಮಾಡೋಕೆ ಒಳಗೆ ಹೋದರು. ಅವರ ಮದುವೆ ಫೋಟೋ. ಗಂಡ ಹೆಂಡತಿ ಮಧ್ಯೆ ಗೋಪುರ. ಅದರಲ್ಲಿದ್ದ ಗಂಡ ತೀರಿಹೋಗಿ ಹನ್ನೊಂದು ವರ್ಷ. ಮಗಳ ಮದುವೆಗೂ ಅದೇ ಆಗಿತ್ತು. ಎರಡು ವರ್ಷದ ಹಿಂದೆ ಮೊಮ್ಮಗಳ ಮದುವೆಯಲ್ಲಿ ಮಾತ್ರ ಅಂತಸ್ತಿನ ಕೇಕ್ ಬಂದಿತ್ತು. ಆಗ ಮಮೀ ಒಂದು ಚೂರು ತಿಂದು, "ಚೆನ್ನಾಗಿದೆ, ಸಿನಿಮಾದಲ್ಲಿ ಇರುತ್ತಲ್ಲ ಹಾಗೇ ಇದೆ" ಅಂದರಂತೆ.

ನಮ್ಮ ಕಡೆ ಅಜ್ಜಿಯಂದಿರೂ ಹೀಗೇ ಅಲ್ವಾ? ಬೇಡ ಅನ್ನಲ್ಲ, ಬೇಕು ಅಂತಲೂ ಅನ್ನಲ್ಲ. ಫೋಟೋ ತಂದಿಡ್ತಾರೆ.

ಹೀಗೆ ಎರಡು ಕಡೆ ಎಳೆತ ಶುರುವಾಯಿತು. ಕೇಕ್ ಆದರೆ ಅಮ್ಮ ತಿನ್ನಬಹುದು. ಗೋಪುರ ಆದರೆ ಮಮೀಗೆ ಖುಷಿ. ಕ್ರೋಕಾಂಬೂಶನ್ನು ಎಗ್‌ಲೆಸ್ ಮಾಡಿಸಿದರೆ ಮುಗೀತಲ್ಲ ಅಂತ ನೀವು ಕೇಳಬಹುದು. ನಾನೂ ಅದನ್ನೇ ಕೇಳಿಕೊಂಡು ಬೇಕರಿಗೆ ಹೋಗಿದ್ದೆ. ಆ ಪೇಸ್ಟ್ರಿ ಮಾಡುವಾತ, ಇಲ್ಲಿ ಪಾತಿಸ್ಸಿಯೇ ಅಂತಾರೆ, ಸುಮಾರು ಐವತ್ತರ ಮನುಷ್ಯ, ನನ್ನನ್ನು ಕರುಣೆಯಿಂದ ನೋಡಿ, ಒಳಗೆ ಕರೆದು ತೋರಿಸಿದ.

ಶೂ ಹಿಟ್ಟು ಮಾಡೋದು ನೋಡಿದರೆ ನಮ್ಮ ಕಡೆಯವರಿಗೆ ತಕ್ಷಣ ನೆನಪಾಗೋದು ಮುದ್ದೆ. ಸುಳ್ಳಲ್ಲ. ನೀರು, ಬೆಣ್ಣೆ, ಚಿಟಿಕೆ ಉಪ್ಪು ಕುದಿಯೋಕೆ ಬಿಡ್ತಾರೆ. ಕುದಿ ಬಂದ ಕೂಡಲೇ ಮೈದಾ ಒಂದೇ ಸಲ ಸುರಿದು, ಮರದ ಸೌಟಿನಲ್ಲಿ ಬಿಡದೆ ತೊಳಸ್ತಾರೆ. ಹಿಟ್ಟು ಪಾತ್ರೆಯ ಅಂಚು ಬಿಟ್ಟು ಒಂದೇ ಉಂಡೆಯಾಗಬೇಕು, ತೇವ ಆರಬೇಕು. ಇಲ್ಲಿಯವರೆಗೆ ಮುದ್ದೆಯೇ. ಆಮೇಲೆ ಒಲೆಯಿಂದ ಇಳಿಸಿ, ಸ್ವಲ್ಪ ಆರಿಸಿ, ಒಂದೊಂದೇ ಮೊಟ್ಟೆ ಒಡೆದು ಹಾಕಿ ಕಲಸ್ತಾರೆ. ಇದರಲ್ಲಿ ಯೀಸ್ಟ್ ಇಲ್ಲ, ಸೋಡಾ ಇಲ್ಲ. ಒಲೆಯ ಬಿಸಿಗೆ ಹಿಟ್ಟಿನೊಳಗಿನ ನೀರು ಹಬೆಯಾಗಿ ಅದನ್ನು ಬಲೂನಿನ ಹಾಗೆ ಉಬ್ಬಿಸುತ್ತೆ. ಹೊರಗಿನ ಗೋಡೆ ಗಟ್ಟಿಯಾಗಿ ನಿಲ್ಲೋದಕ್ಕೆ ಮೊಟ್ಟೆ ಬೇಕು. ಮಧ್ಯದಲ್ಲಿ ಒಲೆಯ ಬಾಗಿಲು ತೆಗೆದರೆ ಗೋಡೆ ಗಟ್ಟಿಯಾಗುವ ಮೊದಲೇ ಹಬೆ ತಣಿದು ಕುಸಿದುಹೋಗುತ್ತೆ. ನಮ್ಮ ಭಾಷೆಯಲ್ಲಿ ಹೇಳೋದಾದರೆ, ಮೊಟ್ಟೆ ಇಲ್ಲಿ ಫೀಚರ್ ಅಲ್ಲ, ಫ್ರೇಮ್‌ವರ್ಕೇ ಅದು. ಒಳಗೆ ತುಂಬುವ ಕ್ರೀಮ್‌ನಲ್ಲೂ ಮೊಟ್ಟೆಯ ಹಳದಿ.

"ಮೊಟ್ಟೆ ಇಲ್ಲದೆ ನಾನು ಮಾಡಲ್ಲ. ಮಾಡಿದರೂ ಅದು ಗೋಪುರದ ಭಾರ ಹೊರಲ್ಲ" ಅಂದ ಆತ. ಖಡಾಖಂಡಿತ. ಬೇಸರವಾದರೂ ಆ ನೇರ ಮಾತು ನನಗೆ ಇಷ್ಟವಾಯಿತು. ಆಗುತ್ತೆ ಅಂದುಬಿಟ್ಟು ಕಡೇ ಗಳಿಗೆಯಲ್ಲಿ ಕೈಯೆತ್ತೋ ವೆಂಡರ್‌ಗಳ ಜೊತೆ ದಿನಾ ಹೆಣಗೋಳು ನಾನು.

ಇಲ್ಲೊಂದು ಮಾತು, ಯುರೋಪಿಗೆ ಬರುವ ನಮ್ಮ ಸಸ್ಯಾಹಾರಿಗಳಿಗೆ. ಇಲ್ಲಿ 'ವೆಜಿಟೇರಿಯನ್' ಅಂದರೆ ಮೊಟ್ಟೆ ಅದರೊಳಗೇ ಬರುತ್ತೆ. ಮೊಟ್ಟೆಯ ಬಗ್ಗೆ ಬೇರೆಯಾಗಿಯೇ ಕೇಳಬೇಕು. ಮೊಟ್ಟೆ ತಿನ್ನುವ ಸಸ್ಯಾಹಾರಿಗಳೂ ಜೆಲಟಿನ್ ಇದೆಯಾ ಅಂತ ಕೇಳಿ. ಸಾದಾ ಪೇಸ್ಟ್ರಿ ಕ್ರೀಮ್‌ಗೆ ಅದು ಬೇಕಿಲ್ಲ. ಅದಕ್ಕೆ ಕಡೆದ ಕೆನೆ ಸೇರಿಸಿ ಹಗುರ ಮಾಡುವ 'ದಿಪ್ಲೋಮಾತ್' ಕ್ರೀಮ್‌ಗೆ ಜೆಲಟಿನ್ ಹಾಕೋದು ರೂಢಿ. ರಮ್ ಅಥವಾ ಕಿತ್ತಳೆಯ ಲಿಕರ್ ಹಾಕುವ ಪದ್ಧತಿಯೂ ಇದೆ. ಕೇಳಿದರೆ ಮುಖ ಸಿಂಡರಿಸಲ್ಲ, ಹೇಳ್ತಾರೆ.

ದುಡ್ಡಿನಲ್ಲಾದರೂ ತೀರ್ಮಾನವಾಗುತ್ತಾ ಅಂತ ಎಕ್ಸೆಲ್ ತೆಗೆದೆ. ನಮ್ಮದು 51 ಜನರ ಮದುವೆ. ತಿಪಟೂರಲ್ಲಿ ಇಷ್ಟು ಜನ ಬರೀ ಚಪ್ಪರ ಹಾಕೋಕೆ ಬರ್ತಾರೆ ಅನ್ನಬೇಡಿ, ಊರಿನಲ್ಲಿ ಬೇರೆ ಮಾಡಿದ್ವಿ. ಕೇಕ್‌ಗೆ ಒಬ್ಬರಿಗೆ ಆರೂವರೆ ಯುರೋ ಹೇಳಿದ್ದರು, ಒಟ್ಟು 331.50. ಗೋಪುರದ ಲೆಕ್ಕ ಪಫ್‌ನದ್ದು. ಒಬ್ಬರಿಗೆ ಮೂರು ಅಂತ ಹಿಡೀತಾರೆ, ಹೊಟ್ಟೆಬಾಕರಿದ್ದರೆ ನಾಲ್ಕು. ಒಂದಕ್ಕೆ 2.20 ಯುರೋ. 153 ಪಫ್‌ಗೆ 336.60. ಐದು ಯುರೋ ವ್ಯತ್ಯಾಸ, ಅಷ್ಟೇ. ದುಡ್ಡು ಸಹಾಯಕ್ಕೆ ಬರಲಿಲ್ಲ. (153 ಅನ್ನೋದು 1ರಿಂದ 17ರವರೆಗಿನ ಮೊತ್ತ. ಪ್ರತಿ ಸುತ್ತಿಗೂ ಒಂದೊಂದು ಕಮ್ಮಿ ಮಾಡ್ತಾ ಹೋದರೆ 17 ಸುತ್ತಿಗೆ ಸರಿಯಾಗಿ ತುದಿ ಮುಟ್ಟುತ್ತೆ. ಇದನ್ನು ಆತನಿಗೆ ಹೇಳಿದೆ. "ಮೇಡಂ, ಪಫ್‌ಗಳಿಗೆ ಗಣಿತ ಗೊತ್ತಿಲ್ಲ" ಅಂದ.)

ಹವೆಯ ಪ್ರಶ್ನೆ ಬೇರೆ. ಮದುವೆ ಜುಲೈನಲ್ಲಿ. ಸಕ್ಕರೆ ಗಾಳಿಯ ತೇವವನ್ನು ಹೀರಿಕೊಳ್ಳುತ್ತೆ. ಕರುಂ ಅನ್ನಬೇಕಾದ ಕ್ಯಾರಮೆಲ್ ಅಂಟಂಟಾಗಿ, ಆಮೇಲೆ ಕಣ್ಣೀರು ಹಾಕೋಕೆ ಶುರು ಮಾಡುತ್ತೆ, ಗೋಪುರ ವಾಲುತ್ತೆ. ಫ್ರಿಜ್‌ನಲ್ಲಿ ಇಡೋಣ ಅಂದರೆ ಅಲ್ಲಿ ತೇವ ಇನ್ನೂ ಜಾಸ್ತಿ. ಹೊರಗಿಡೋಣ ಅಂದರೆ ಒಳಗೆ ಹಾಲು ಮೊಟ್ಟೆಯ ಕ್ರೀಮ್, ಸೆಕೆಯಲ್ಲಿ ಕೆಡುತ್ತೆ. ಹಾಗಾಗಿ ಆವತ್ತೇ ತುಂಬಿ, ಆವತ್ತೇ ಕಟ್ಟಿ, ಕೆಲವೇ ಗಂಟೆಯಲ್ಲಿ ತಿಂದು ಮುಗಿಸಬೇಕು. ಇಲ್ಲಿನ ಮದುವೆಗಳಲ್ಲಿ ಸಿಹಿ ಬರೋದು ರಾತ್ರಿ ಹನ್ನೊಂದು, ಹನ್ನೆರಡಕ್ಕೆ. ಅಂದರೆ ಶನಿವಾರ ರಾತ್ರಿ ಪ್ರೊಡಕ್ಷನ್ ಡಿಪ್ಲಾಯ್‌ಮೆಂಟ್, ರೋಲ್‌ಬ್ಯಾಕ್ ಇಲ್ಲ. ಮಂಗಳೂರು ಕಡೆ ಮಳೆಗಾಲದಲ್ಲಿ ಯಾರಾದರೂ ಇದನ್ನು ಮಾಡಿಸುವ ಯೋಚನೆಯಲ್ಲಿದ್ದರೆ, ಎಸಿ ಹಾಲ್ ಇಲ್ಲದಿದ್ದರೆ ಬೇಡ ಅನ್ನೋದೇ ನನ್ನ ಅಭಿಪ್ರಾಯ.

ಇಷ್ಟೆಲ್ಲ ತೂಗಿ ನೋಡಿ, ಕೇಕೇ ಇರಲಿ, ಮಮೀಗೆ ನಾನೇ ಹೋಗಿ ಹೇಳ್ತೀನಿ ಅಂತ ಅರ್ಧ ಮನಸ್ಸು ಮಾಡಿದ್ದೆ. ಅಮ್ಮನಿಗೆ ವಿಡಿಯೋ ಕಾಲ್‌ನಲ್ಲಿ ಎಲ್ಲ ವಿವರಿಸಿದೆ. ಅವಳು ಕೇಳಿದ್ದು ಒಂದೇ, "ಆ ಯಮ್ಮನಿಗೆ ಎಷ್ಟು ವಯಸ್ಸಂದೆ?"

"84."

"ಅವರಾಸೆ ನಡೀಲಿ ಬಿಡೇ. ನನ್ನೊಬ್ಬಳಿಗೋಸ್ಕರ ಅಷ್ಟು ಜನದ ಸಿಹಿ ಬದಲಾಯಿಸ್ತೀಯಾ? ನಂಗೆ ಒಂದು ಬಾಳೆಹಣ್ಣು ಇಟ್ಟಿರು, ಸಾಕು."

ನನಗೆ ಸಿಟ್ಟು ಬಂದದ್ದು ಇಲ್ಲೇ. ಈ ಬಾಳೆಹಣ್ಣು ನನಗೆ ಚೆನ್ನಾಗಿ ಗೊತ್ತು. ನೆಂಟರ ಮನೆಯಲ್ಲಿ, ಪ್ರವಾಸದಲ್ಲಿ, ನನ್ನ ಕಾನ್ವೊಕೇಶನ್ ದಿನ ಹೋಟೆಲಿನಲ್ಲಿ, ಎಲ್ಲ ಕಡೆ ಅಮ್ಮ ಇದನ್ನೇ ತಿಂದುಕೊಂಡು, "ನಂದಾಯ್ತು, ನೀವು ತಿನ್ನಿ" ಅಂದವಳು. ನಮ್ಮಲ್ಲಿ ಹೆಣ್ಣಿನ ಕಡೆಯವರು ಬಡಿಸೋರು. ಬೀಗರು ಉಂಡರಾ, ಇನ್ನೊಂದು ಹೋಳಿಗೆ ಹಾಕಿಸಿಕೊಂಡರಾ ಅಂತ ಓಡಾಡಬೇಕಾದವಳು. ಇಲ್ಲಿ ಭಾಷೆ ಬರಲ್ಲ, ಬಡಿಸೋ ಹಾಗಿಲ್ಲ, ಎಲ್ಲರ ಕೈಯಲ್ಲಿ ಸಿಹಿ ಇರುವಾಗ ಇವಳು ಸೀರೆ ಸೆರಗು ಸರಿಮಾಡಿಕೊಂಡು ಕೂತಿರಬೇಕು, ಅದೂ ಒಬ್ಬಳೇ ಮಗಳ ಮದುವೆಯಲ್ಲಿ. ಬೇಡ ಅಂದೆ. ಅವಳೂ ಬಿಡಲಿಲ್ಲ. "ಅಜ್ಜಿ ಮನಸ್ಸು ನೋಯಿಸಿ ನಂಗೆ ಕೇಕ್ ತಿನ್ನಿಸಬೇಡ, ಗಂಟಲಲ್ಲಿ ಇಳಿಯಲ್ಲ" ಅಂದಳು. ಫೋನ್ ಇಟ್ಟಾಗ ಇಬ್ಬರ ಮುಖವೂ ಊದಿತ್ತು.

ದಾರಿ ಸಿಕ್ಕಿದ್ದು ಎರಡನೇ ಸಲ ಬೇಕರಿಗೆ ಹೋದಾಗ. ಗೋಪುರ ಯಾವುದರ ಮೇಲೆ ನಿಲ್ಲುತ್ತೆ ಅಂತ ಕೇಳಿದೆ. 'ನುಗಾತಿನ್' ಅಂದ. ಏನದು ಅಂದೆ. ಸಕ್ಕರೆ ಕರಗಿಸಿ, ಕೆಂಪಗೆ ಕಾಯಿಸಿ, ಅದಕ್ಕೆ ಹುರಿದ ಬಾದಾಮಿ ಚೂರು ಹಾಕಿ, ಬಿಸಿ ಇರುವಾಗಲೇ ಲಟ್ಟಣಿಗೆಯಲ್ಲಿ ಲಟ್ಟಿಸಿ, ಬೇಕಾದ ಆಕಾರಕ್ಕೆ ಕತ್ತರಿಸೋದು. ಆರಿದ ಮೇಲೆ ಗಾಜಿನ ಹಾಗೆ ಗಟ್ಟಿ. ಒಂದು ಚೂರು ಮುರಿದು ಕೈಗೆ ಕೊಟ್ಟ.

ಚಿಕ್ಕಿ ಕಣ್ರೀ. ಬಾದಾಮಿ ಚಿಕ್ಕಿ. ಬೆಲ್ಲದ ಬದಲು ಸಕ್ಕರೆ, ಕಡಲೆಕಾಯಿ ಬದಲು ಬಾದಾಮಿ, ಉಳಿದದ್ದೆಲ್ಲ ಒಂದೇ. ಮೊಟ್ಟೆ ಇಲ್ಲ, ಜೆಲಟಿನ್ ಇಲ್ಲ.

ಅಲ್ಲಿಂದಲೇ ಅಮ್ಮನಿಗೆ ವಿಡಿಯೋ ಕಾಲ್ ಮಾಡಿದೆ. ಆತ ಆಗ ಇನ್ಯಾರದೋ ಆರ್ಡರ್‌ಗೆ ಸಕ್ಕರೆ ಕಾಯಿಸ್ತಿದ್ದ. ಥರ್ಮಾಮೀಟರ್ ಇಟ್ಟುಕೊಂಡಿದ್ದ, ಪಕ್ಕದಲ್ಲಿ ಒಂದು ಬಟ್ಟಲು ತಣ್ಣೀರು. ಕ್ಯಾರಮೆಲ್ ಹೊತ್ತಿಗೆ ಸಕ್ಕರೆ 160 ಡಿಗ್ರಿ ದಾಟಿರುತ್ತೆ. ಚರ್ಮಕ್ಕೆ ಅಂಟಿದರೆ ಬಿಡಲ್ಲ, ಅದಕ್ಕೇ ಬೆರಳು ಅದ್ದೋಕೆ ನೀರು. ಅಮ್ಮನಿಗೆ ಥರ್ಮಾಮೀಟರ್ ನೋಡಿ ನಗು. "ಪಾಕ ನೋಡೋಕೆ ಜ್ವರದ ಕಡ್ಡಿ ಯಾಕೆ? ಆ ನೀರಿಗೆ ಒಂದು ಹನಿ ಬಿಡೋಕೆ ಹೇಳು, ತೆಗೆದು ತಟ್ಟೆಗೆ ಹಾಕಿದ್ರೆ ಟಣ್ ಅನ್ನಬೇಕು." ನಾನು ಅನುವಾದಿಸಿದೆ. ಆತ ಸೌಟು ಕೆಳಗಿಟ್ಟು, ತನ್ನ ಗುರುವೂ ಹಾಗೇ ಹೇಳಿಕೊಟ್ಟಿದ್ದು ಅಂದ. ಆಮೇಲೆ ಹತ್ತು ನಿಮಿಷ ಅವರಿಬ್ಬರದ್ದೇ ಮಾತು, ಮಧ್ಯೆ ನಾನು ಬರೀ ಕೇಬಲ್. ಒಂದೆಳೆ ಪಾಕ, ಎರಡೆಳೆ ಪಾಕ ಅಂತ ಅಮ್ಮ ಹೆಬ್ಬೆರಳು ತೋರುಬೆರಳು ಅಂಟಿಸಿ ಬಿಡಿಸಿ ತೋರಿಸಿದಳು. ಇವರಲ್ಲೂ ಅದೇ ಹಂತಗಳಿಗೆ ಬೇರೆ ಹೆಸರಿವೆ: ದಾರ, ಮೆತ್ತನೆ ಉಂಡೆ, ಗಟ್ಟಿ ಉಂಡೆ, ಬಿರುಕು.

ಕೊನೆಗೆ ಅಮ್ಮನೇ ಕೇಳಿದಳು, "ಆ ಬುಡ ನಂಗೆ ಕೊಡ್ತಾನಂತಾ?"

ಬುಡವನ್ನೇ ಕೊಡೋಕಾಗಲ್ಲ, ಅದರ ಮೇಲೆ ಪಫ್ ಕೂತಿರುತ್ತೆ, ಕ್ರೀಮ್ ತಾಗಿರುತ್ತೆ. ಬೇರೆ ಪಾತ್ರೆ, ಬೇರೆ ಲಟ್ಟಣಿಗೆಯಲ್ಲಿ, ಬೆಳಗ್ಗೆ ಮೊಟ್ಟೆ ಕೆಲಸ ಶುರುವಾಗುವ ಮೊದಲೇ ಇನ್ನೊಂದು ನುಗಾತಿನ್ ಮಾಡಿಕೊಡ್ತೀನಿ ಅಂದ. ಎರಡಕ್ಕೂ ಸೇರಿ 60 ಯುರೋ ಜಾಸ್ತಿ. ಆಗಲಿ ಅಂದೆ. ಹೀಗೆ ಗೋಪುರ ಗೆದ್ದಿತು.

ಇದನ್ನು ಎತ್ತಿ ಕಟ್ಟುವ ಹುಚ್ಚು ಇವರಿಗೆ ಹತ್ತಿಸಿದವರಲ್ಲಿ ದೊಡ್ಡ ಹೆಸರು ಆಂತೊನಾಂ ಕರೇಮ್‌ನದು. ಪ್ಯಾರಿಸ್ಸಿನ ಬಡ ಮನೆಯ ಹುಡುಗ, ಮನೆಯವರು ಬೀದಿಪಾಲು ಮಾಡಿದ ಮೇಲೆ ಅಡುಗೆ ಮನೆ ಸೇರಿದವನು. ಬಿಡುವಿನಲ್ಲಿ ಗ್ರಂಥಾಲಯಕ್ಕೆ ಹೋಗಿ ವಾಸ್ತುಶಿಲ್ಪದ ಚಿತ್ರಗಳನ್ನು ನೋಡಿಕೊಂಡು ಬಂದು, ಸಕ್ಕರೆ, ಹಿಟ್ಟಿನಲ್ಲಿ ಗುಡಿ, ಗೋಪುರ, ಪಾಳು ಕೋಟೆಗಳನ್ನು ಕಟ್ಟುತ್ತಿದ್ದನಂತೆ. 1815ರ ಅವನ ಪೇಸ್ಟ್ರಿ ಪುಸ್ತಕದಲ್ಲಿ ಕ್ರೋಕಾಂಬೂಶ್ ಕೂಡ ಇದೆ. 1833ರಲ್ಲಿ, ಐವತ್ತು ತುಂಬುವ ಹೊತ್ತಿಗೆಲ್ಲ ತೀರಿಕೊಂಡ. ಇದ್ದಿಲು ಒಲೆಯ ಹೊಗೆಯೇ ಕಾರಣ ಅಂತ ಹೇಳುವವರಿದ್ದಾರೆ.

ಮದುವೆ ದಿನ ಮಧ್ಯಾಹ್ನ ನಗರಸಭೆಯಲ್ಲಿ ಮೇಯರ್ ಮುಂದೆ ಸಹಿ ಆಯಿತು. ಇಲ್ಲಿ ಕಾನೂನಿಗೆ ಅದೊಂದೇ ಮದುವೆ. ಸೆಕೆ ವಿಪರೀತ ಇತ್ತು. ಬೇಕರಿಯವರು ಖಾಲಿ ಪಫ್, ಕ್ರೀಮ್, ಉಕ್ಕಿನ ಶಂಕು ಎಲ್ಲ ವ್ಯಾನಿನಲ್ಲಿ ತಂದು, ಹಾಲ್‌ನ ಹಿಂದಿನ ಅಡುಗೆ ಮನೆಯಲ್ಲಿ ಸಂಜೆ ಎಂಟರ ಮೇಲೆ ಕಟ್ಟೋಕೆ ಶುರು ಮಾಡಿದರು. ಅಮ್ಮ ಊಟದ ಮಧ್ಯೆ ಎರಡು ಸಲ ಎದ್ದು ಹೋಗಿ ನೋಡಿಕೊಂಡು ಬಂದಳು. ಹನ್ನೊಂದು ಮುಕ್ಕಾಲಿಗೆ ದೀಪ ಆರಿಸಿ, ಸುರ್‌ಸುರ್‌ಬತ್ತಿ ಹಚ್ಚಿ, ಹಾಡು ಹಾಕಿ, ನಾಲ್ಕು ಜನ ಅದನ್ನು ಹೊತ್ತು ತಂದರು. ತೇರು ಬಂದ ಹಾಗೇ ಇತ್ತು. ಅಪ್ಪ ಕೈ ಮುಗಿಯೋಕೆ ಹೋಗಿ ಅರ್ಧಕ್ಕೆ ನಿಲ್ಲಿಸಿದ್ದನ್ನು ನಾನು ನೋಡಿದೆ.

ಇದನ್ನು ಚಾಕುವಿನಲ್ಲಿ ಕತ್ತರಿಸೋದಿಲ್ಲ. ಇಬ್ಬರೂ ಒಂದೇ ಚಾಕು ಹಿಡಿದು ಕ್ಯಾಮೆರಾ ನೋಡುವ ಪೋಸ್ ಬೇಕು ಅನ್ನೋರಿಗೆ ಇದು ಸರಿಹೋಗಲ್ಲ. ಮೇಲಿನಿಂದ ಒಂದೊಂದೇ ಕೀಳ್ತಾ ಬರೋದು. ಮೊದಲನೆಯದನ್ನು ಮಮೀಗೆ ಕೊಟ್ಟೆವು. ಬಾಯಿಗಿಟ್ಟುಕೊಂಡರು, ಕರುಂ ಅಂದಿತು. ಏನೂ ಹೇಳಲಿಲ್ಲ, ಇನ್ನೊಂದಕ್ಕೆ ಕೈ ಚಾಚಿದರು. ಅಮ್ಮನ ನುಗಾತಿನ್ ಬೇರೆ ತಟ್ಟೆಯಲ್ಲಿ ಬಂತು, ಒಳ್ಳೇ ಊಟದ ತಟ್ಟೆಯಷ್ಟು ಅಗಲ. ಅವಳು ತಿನ್ನುವ ಮೊದಲು ಅದನ್ನು ಮುರಿದು ಮುರಿದು ಪ್ರತಿ ಟೇಬಲ್ಲಿಗೂ ಹೋಗಿ ಹಂಚಿದಳು. "ತಗೊಳ್ಳಿ ತಗೊಳ್ಳಿ, ಇನ್ನೊಂದು ಚೂರು" ಅಂತ ಕನ್ನಡದಲ್ಲೇ. ಬೀಗಿತ್ತಿಯ ಕೈಗೆ ಒಂದು, ಬಾಯಿಗೆ ಒಂದು. ಮಮೀ ಹಲ್ಲಿಗೆ ಆಗಲ್ಲ ಅಂತ ಕೈಸನ್ನೆ ಮಾಡಿದರು. ಅಮ್ಮ ಅದನ್ನು ಕರವಸ್ತ್ರದಲ್ಲಿಟ್ಟು ಚಮಚದಿಂದ ಕುಟ್ಟಿ ಪುಡಿ ಮಾಡಿ ಕೊಟ್ಟಳು.

ಬೆಳಗ್ಗೆ ನೋಡಿದರೆ ಹದಿನಾಲ್ಕು ಪಫ್ ಉಳಿದಿದ್ದವು. ರಾತ್ರಿಯಿಡೀ ಹೊರಗಿದ್ದದ್ದು, ಕ್ಯಾರಮೆಲ್ ಕರಗಿ ತಟ್ಟೆಗೆ ಅಂಟಿತ್ತು, ಎಲ್ಲವನ್ನೂ ಕಸಕ್ಕೆ ಹಾಕಿದೆವು. ನುಗಾತಿನ್ ಒಂದು ಚೂರೂ ಇರಲಿಲ್ಲ. ಅಪ್ಪ ಎಷ್ಟು ಪಫ್ ತಿಂದರು ಅಂತ ಅಮ್ಮ ಈವರೆಗೂ ಕೇಳಿಲ್ಲ.